ಅತ್ತೆಯ ಗೇಟಿನ ಕಲ್ಲು

ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಹಳದಿ ಎನ್ನುತ್ತಾರೆ. ಉಗುರಿನ ಸಂದಿಯಲ್ಲೋ, ಕಿವಿಯ ಹಿಂದೆಯೋ, ಪ್ಯಾಂಟಿನ ಮೊಣಕಾಲಿನ ಮೇಲೋ, ಎಲ್ಲಾದರೂ ಒಂದು ಕಡೆ ಹಳದಿ ಬಣ್ಣ ಅಂಟಿಕೊಂಡೇ ಇರುತ್ತದೆ. ಮದುವೆಯ ಫೋಟೋದಲ್ಲೂ ಅವನ ಎಡಗೈ ಹೆಬ್ಬೆರಳು ಹಳದಿಯೇ. ಆ ಕೈಯನ್ನು ಜೇಬಿಗೆ ಹಾಕಿಕೋ ಎಂದು ಫೋಟೋದವನು ಹೇಳಿದ್ದನಂತೆ. ಗಾಬರಿಯಲ್ಲಿ ಇವನು ಬಲಗೈ ಹಾಕಿಕೊಂಡ.

ಬೆಟ್ಟದ ದಾರಿಗಳಿಗೆ ಗುರುತು ಹಾಕುವುದು ಅವನ ಕೆಲಸ. ಬೆನ್ನಿಗೆ ಚೀಲ ಏರಿಸಿಕೊಂಡು ಬೆಟ್ಟ ನಡೆಯಲೆಂದೇ ಬರುವ ಜನ ಆ ಸಣ್ಣ ಊರಿನಲ್ಲಿ ಬಸ್ಸಿಳಿಯುತ್ತಾರೆ. ಬಸ್ ನಿಲ್ಲುವ ಜಾಗದಿಂದ ಸ್ವಲ್ಪ ಮೇಲಿರುವ ಮೋರಿಯನ್ನು ದಾಟಿದರೆ ಫೋನುಗಳೆಲ್ಲ ಸತ್ತ ಹಾಗೆ. ಆಮೇಲೆ ಅವರಿಗೆ ಕಲ್ಲಿನ ಮೇಲಿನ ಹಳದಿ ಪಟ್ಟಿಯೇ ಗತಿ. ಅಂಗೈ ಅಗಲದ ಪಟ್ಟಿ, ಹತ್ತುವವರಿಗೆ ಕಲ್ಲಿನ ಈ ಮುಖದಲ್ಲಿ ಒಂದು, ಇಳಿಯುವವರಿಗೆ ಆ ಮುಖದಲ್ಲಿ ಒಂದು. ಒಂದರ ಹತ್ತಿರ ನಿಂತರೆ ಮುಂದಿನದು ಕಾಣಲೇಬೇಕು. ಹಳದಿ ಪ್ರತಿ ಪಟ್ಟಿ ಬಳಿದ ಮೇಲೂ ಹಿಂದಕ್ಕೆ ಸರಿದು, ಅರ್ಧ ಕುಕ್ಕರಿಸಿ, ತಲೆ ತಗ್ಗಿಸಿ ನೋಡುತ್ತಾನೆ. ದೂರದಿಂದ ನೋಡಿದವರಿಗೆ ಪಾಪ, ಹೊಟ್ಟೆ ಕೆಟ್ಟಿದೆ ಅನ್ನಿಸುತ್ತದೆ. ಊರಿನವರು ಅದನ್ನು ಹೇಳಿಕೊಂಡು ಸಾಕಷ್ಟು ನಕ್ಕಿದ್ದಾರೆ. ನಗಲಿ. ದಣಿದವರ ಕಣ್ಣು ಕಾಲಿನ ಮುಂದಿನ ನೆಲ ಬಿಟ್ಟು ಮೇಲೇಳುವುದಿಲ್ಲ, ಅದಕ್ಕೇ ಪಟ್ಟಿ ಮೊಣಕಾಲಿನ ಎತ್ತರದಲ್ಲಿರಬೇಕು. ಇದನ್ನು ಅವನಿಗೆ ಹೇಳಿಕೊಟ್ಟವಳು ಅತ್ತೆ.

ಅತ್ತೆ ಎಂದರೆ ಅವನ ಅಪ್ಪನ ತಂಗಿ. ಮೋರಿಯ ಹತ್ತಿರ ದಾರಿ ಎರಡಾಗುತ್ತದೆ. ಎಡಕ್ಕೆ ಏರುವ ಓಣಿಯ ಕೊನೆಯ ಮನೆ ಅವಳದು. ಅಲ್ಲಿಂದಾಚೆಗೆ ಬರೀ ಬೆಟ್ಟ. ಅವಳ ಗಂಡ ಚರ್ಮದ ಚೀಲ, ಬೆಲ್ಟು, ಕುದುರೆಯ ಜೀನು ಹೊಲಿಯುತ್ತಿದ್ದವನು. ಅವನು ಹೋದ ಮೇಲೆ ದಬ್ಬಳ, ಮೇಣದ ದಾರ, ದಪ್ಪ ಕತ್ತರಿ ಎಲ್ಲ ಇವಳ ಕೈಗೆ ಬಂದವು. ಗೇಟಿನ ಹೊರಗೆ ಒಂದು ಬೆಂಚು ಹಾಕಿಸಿದಳು, ಪಕ್ಕದಲ್ಲಿ ಮುಚ್ಚಿಟ್ಟ ನೀರಿನ ಕೊಡ ಮತ್ತು ಎರಡು ಲೋಟ. ಬಾಯಿ ಬಿಟ್ಟ ಬೂಟು, ಕಿತ್ತುಹೋದ ಚೀಲದ ಪಟ್ಟಿ, ಏನು ತಂದರೂ ಕೂತಲ್ಲೇ ಹೊಲಿದು ಕೊಡುತ್ತಿದ್ದಳು. ಹೊಲಿಗೆ ಮುಗಿಯುವ ಹೊತ್ತಿಗೆ ಎದುರು ಕೂತವರ ಊರು, ಕೆಲಸ, ಮಕ್ಕಳ ಓದು, ಅತ್ತೆ ಸೊಸೆ ಜಗಳ, ಎಲ್ಲವನ್ನೂ ಕೆದಕಿ ತೆಗೆದಿರುತ್ತಿದ್ದಳು. ಅವಳಿಗೆ ಬೇಕಿದ್ದದ್ದೇ ಅದು. ಊರು ಬಿಟ್ಟು ಎಲ್ಲಿಗೂ ಹೋಗದ ಆ ಹೆಂಗಸಿಗೆ ಲೋಕವೇ ಬೂಟು ಬಿಚ್ಚಿ ಬೆಂಚಿನ ಮೇಲೆ ಬಂದು ಕೂರುತ್ತಿತ್ತು.

ಹಳದಿಯ ತಾಯಿ ಬಹಳ ಕಾಲ ಹಾಸಿಗೆ ಹಿಡಿದಿದ್ದಳು. ಅಷ್ಟು ಕಾಲವೂ ಅವನು ಬೆಳೆದದ್ದು ಅತ್ತೆಯ ಒಲೆಯ ಮುಂದೆ. ಅದಕ್ಕೇ ಅವನಿಗೆ ಆ ಹೊರಗಿನ ಕೊಡದಿಂದ ಅವಳು ನೀರು ಕೊಟ್ಟದ್ದೇ ಇಲ್ಲ. "ಒಳಗೆ ಬಾರೋ ಮರಿ, ಅದು ದಾರಿ ಹೋಗೋರ ನೀರು" ಎಂದು ಒಲೆಯ ಹತ್ತಿರಕ್ಕೆ ಕರೆದು, ಅವನು ಚಿಕ್ಕಂದಿನಲ್ಲಿ ಮೆಟ್ಟಿಲಿನಿಂದ ಉರುಳಿಸಿ ನೆಗ್ಗಿಸಿದ್ದ ಲೋಟದಲ್ಲೇ ಕೊಡುತ್ತಿದ್ದಳು. ತಲೆ ನರೆತು, ನಡುವೆ ಬೋಳೂ ಆದ ಆ ಮರಿ ಒಲೆಯ ಮುಂದೆ ಕಾಲು ಚಾಚಿ ಕೂತು ಕುಡಿಯುತ್ತಿತ್ತು.

ಇಂಥ ಅತ್ತೆಗೆ ಅವನು ಮಾಡಿದ್ದು ಚಿಕ್ಕ ಕೆಲಸವಲ್ಲ. ಆದರೆ ಅದು ಶುರುವಾದದ್ದು ಮಾತ್ರ ಚಿಕ್ಕದಾಗಿಯೇ.

ಒಂದು ಮಳೆಗಾಲದಲ್ಲಿ ಅತ್ತೆಯ ಮನೆಯ ಮೇಲ್ಗಡೆ ಗುಡ್ಡ ಕುಸಿದು ದಾರಿಯ ಮೇಲೆ ಕೂತಿತು. ಊರಿನ ದಾರಿ ಸಮಿತಿಯವರು ಹಳದಿಯನ್ನು ಕರೆದು, ಮಣ್ಣು ತೆಗೆಯುವ ತನಕ ಬಲಗಡೆ ದಾರಿಗೆ ಗುರುತು ಹಾಕು ಎಂದರು. ಬಲಗಡೆಯದು ಕೆಳಬೀದಿಯ ಮೂಲಕ, ಮರ ಕೊಯ್ಯುವ ಮಿಲ್ಲಿನ ಹಿಂಬದಿಯಿಂದ, ದಿಣ್ಣೆ ಸುತ್ತಿಕೊಂಡು ಹೋಗಿ ಮೇಲೆ ಹಳೆಯ ದಾರಿಯನ್ನೇ ಸೇರುವ ಬಳಸುದಾರಿ. ಅಲ್ಲಿ ಬೇಕರಿ ಇತ್ತು, ಒಂದು ಲಾಡ್ಜ್ ಇತ್ತು, ಹಳದಿಯ ಹೆಂಡತಿ ಹೊಸದಾಗಿ ಇಟ್ಟುಕೊಂಡಿದ್ದ ಟೀ ಅಂಗಡಿ ಇತ್ತು. ಮೂವರೂ ಅಲ್ಲಿಯವರೆಗೆ ನೊಣ ಹೊಡೆಯುತ್ತ ಕೂತಿದ್ದವರೇ. ಹೆಂಡತಿ ಬೆಳಗ್ಗೆ ಹಚ್ಚಿದ ಸ್ಟೌವನ್ನು ಸಂಜೆ ಆರಿಸಿ, ಮಿಕ್ಕ ಹಾಲನ್ನು ಮನೆಗೆ ತರುತ್ತಿದ್ದಳು, ಗಂಡಹೆಂಡತಿ ಇಬ್ಬರೂ ಮುಖ ನೋಡಿಕೊಳ್ಳದೆ ಕುಡಿಯುತ್ತಿದ್ದರು.

ಗುರುತು ಹಾಕಿದ್ದೇ ತಡ, ಕೆಳಬೀದಿ ಎದ್ದು ಕೂತಿತು. ಟೀ ಅಂಗಡಿಗೆ ಇನ್ನೊಂದು ಬೆಂಚು ಬೇಕಾಯಿತು. ಹೆಂಡತಿಯ ಮುಖದಲ್ಲಿ ಮದುವೆಯಾದ ಹೊಸದರಲ್ಲಿದ್ದ ನಗು ಮತ್ತೆ ಕಾಣಿಸಿಕೊಂಡಿತು. ಅಷ್ಟರಲ್ಲಿ ಮಣ್ಣು ತೆಗೆದಾಯಿತು, ದಾರಿ ಸರಿಯಾಯಿತು. ಮೋರಿಯ ಹತ್ತಿರ ಬಾಣದ ಗುರುತನ್ನು ಎಡಕ್ಕೆ ತಿರುಗಿಸುವುದಷ್ಟೇ ಬಾಕಿ ಇತ್ತು. ಹಳದಿ ಇವತ್ತು ನಾಳೆ ಎಂದ. ಸಮಿತಿಯವರು ಕೇಳಲಿಲ್ಲ, ಸಮಿತಿಯ ಅಧ್ಯಕ್ಷನೇ ಲಾಡ್ಜಿನ ಯಜಮಾನ. ಬೇಕರಿಯವನು ಕೇಳಲಿಲ್ಲ. ಹೆಂಡತಿ ಒಂದು ಸಂಜೆ ಲೋಟ ತೊಳೆಯುತ್ತ, "ದಾರಿ ನಿನ್ನ ಮಾತು ಕೇಳುತ್ತಲ್ಲ" ಎಂದಳು, ಅಷ್ಟೇ. ಅದು ಹೊಗಳಿಕೆಯೋ ಅಪ್ಪಣೆಯೋ ಅವನು ವಿಚಾರಿಸಲು ಹೋಗಲಿಲ್ಲ.

ಆದರೂ ಹಳೆಯ ಪಟ್ಟಿಗಳನ್ನು ನೋಡಿಕೊಂಡು ಒಬ್ಬಿಬ್ಬರು ಎಡಕ್ಕೆ ಏರಿಬಿಡುತ್ತಿದ್ದರು. ಆಗ ಹಳದಿ ಮಾಡಿದ ಕೆಲಸಕ್ಕೆ ಅವನ ಬಳಿಯೂ ನೆಪ ಇರಲಿಲ್ಲ. ಕರಿ ಬಣ್ಣಕ್ಕೆ ಬಿಳಿ ಬೆರೆಸಿ, ಹಿಡಿ ದೂಳು ಹಾಕಿ, ಕಲ್ಲಿನ ಬಣ್ಣ ಕಲಸಿದ. ಬಣ್ಣ ಕಲಸುವುದರಲ್ಲಿ ಅವನದು ಎತ್ತಿದ ಕೈ. ಎಡದಾರಿಯ ಪಟ್ಟಿಗಳನ್ನೆಲ್ಲ ಒಂದೊಂದಾಗಿ ಮುಚ್ಚುತ್ತ, ಒದ್ದೆ ಬಣ್ಣಕ್ಕೆ ಒಣ ಪಾಚಿ ಉಜ್ಜುತ್ತ ಹೋದ. ಹಿಂದೆ ಸರಿದು, ಕುಕ್ಕರಿಸಿ ನೋಡಿದರೆ ಅಲ್ಲಿ ಏನೂ ಇರಲೇ ಇಲ್ಲವೆನ್ನುವಂತಿತ್ತು. ಅಷ್ಟು ಚೆನ್ನಾಗಿ ಬಂದದ್ದಕ್ಕೆ ಅವನಿಗೆ ಒಂದು ಗಳಿಗೆ ಖುಷಿಯೂ ಆಯಿತು. ಆಮೇಲೆ ಆ ಖುಷಿ ನೆನಪಾದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು.

ಅತ್ತೆಯ ಗೇಟಿನ ಪಕ್ಕದ ಕಲ್ಲೊಂದು ಉಳಿಯಿತು. ಅವಳು ಕದಲದೆ ಅದರ ಎದುರೇ ಕೂತಿರುತ್ತಾಳೆ, ಮುಚ್ಚುವುದು ಹೇಗೆ? ಅವಳಿಗೆ ಮೊಣಕಾಲು ನೋವು. "ದೊಡ್ಡ ಆಸ್ಪತ್ರೆಗೆ ತೋರಿಸಿಕೊಂಡು ಬಾ ಅತ್ತೆ" ಎಂದು ಇವನೇ ಬಸ್ಸಿನ ಡ್ರೈವರಿಗೆ ಹೇಳಿ, ಮುಂದಿನ ಸೀಟು ಹಿಡಿಸಿ, ಕೈ ಹಿಡಿದು ಹತ್ತಿಸಿದ. "ಹೊಟ್ಟೇಲಿ ಹುಟ್ಟಿದೋರೂ ಇಷ್ಟು ಮಾಡಲ್ಲ ನೋಡಪ್ಪ" ಎಂದು ಅವಳು ಡ್ರೈವರಿಗೆ ಹೇಳಿದಳು. ಬಸ್ಸು ತಿರುವು ದಾಟಿದ ಮೇಲೆ ಹಳದಿ ಡಬ್ಬಿ ಎತ್ತಿಕೊಂಡು ಓಣಿ ಹತ್ತಿದ.

ಅಲ್ಲಿಂದ ಅತ್ತೆಯ ಬೆಂಚಿಗೆ ಬೆಟ್ಟ ನಡೆಯುವವರು ಯಾರೂ ಬರಲಿಲ್ಲ. ದಿಣ್ಣೆ ಅಡ್ಡ ಇದ್ದದ್ದರಿಂದ ಕೆಳಬೀದಿಯ ಜನಸಂದಣಿ ಅವಳಿಗೆ ಕಾಣುತ್ತಿರಲಿಲ್ಲ. ಹಿಟ್ಟು ಬೀಸಿಸಲು ಹಿಂಬದಿಯ ಮೆಟ್ಟಿಲಿಂದ, ದಿಣ್ಣೆಯ ಈಚೆಗೇ ಇದ್ದ ಗಿರಣಿಗೆ ಇಳಿಯುವುದು ಬಿಟ್ಟರೆ ಆ ಮೊಣಕಾಲಿನಲ್ಲಿ ಅವಳು ಎಲ್ಲಿಗೂ ಹೋಗುತ್ತಿರಲಿಲ್ಲ. ದಿನಾ ಬೆಂಚು ಒರೆಸುವುದು, ಕೊಡದ ನೀರು ಚೆಲ್ಲಿ ಹೊಸದು ತುಂಬುವುದು, ದಾರಕ್ಕೆ ಮೇಣ ಸವರಿ ಸುತ್ತಿಡುವುದು ಮಾತ್ರ ತಪ್ಪಲಿಲ್ಲ.

"ಮಣ್ಣು ತೆಗೆದು ಎಷ್ಟು ದಿನ ಆಯ್ತು. ಯಾಕೋ ಯಾರೂ ಬರ್ತಿಲ್ವಲ್ಲೋ ಮರಿ?" ಎಂದಳು ಒಮ್ಮೆ.

"ಈ ಸಲ ಜನ ಕಮ್ಮಿ ಅತ್ತೆ" ಎಂದ ಹಳದಿ, ನೆಗ್ಗಿದ ಲೋಟದೊಳಗೆ ನೋಡುತ್ತ.

ಮರುವರ್ಷವೂ ಅದೇ ಪ್ರಶ್ನೆ, ಅದೇ ಉತ್ತರ. "ಈಗಿನೋರಿಗೆ ನಡೆಯೋದು ಬೇಡವಾಗಿದೆ" ಎಂದು ಒಂದು ಮಾತು ಸೇರಿಸಿದ, ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ಅವನ ಮೇಲೆ ಮರುಕಪಟ್ಟಳು. "ನಿನ್ನ ಕೆಲಸಕ್ಕೆ ಕಲ್ಲು ಬೀಳದಿದ್ರೆ ಸಾಕು" ಎಂದು ನಿಟ್ಟುಸಿರುಬಿಟ್ಟು, "ನನ್ನ ಗೇಟಿನ ಕಲ್ಲಿನ ಬಣ್ಣ ಮಳೆಗೆ ಪೂರ್ತಿ ಹೋಗಿದೆ ಕಣೋ, ಪುರುಸೊತ್ತಾದಾಗ ಒಂದು ಕೈ ಬಳಿದುಬಿಡು. ಯಾರಾದ್ರೂ ಬಂದ್ರೆ ಗುರುತು ಇರಲಿ" ಎಂದಳು. ಬಳಿಯುತ್ತೇನೆ ಅತ್ತೆ ಎಂದ. ಅವನು ಬರುವುದೇ ಕಡಿಮೆಯಾಯಿತು. ಬಂದರೂ ಬಾಲ ಸುಟ್ಟ ಬೆಕ್ಕಿನ ಹಾಗೆ ಕೂತಲ್ಲಿ ಕೂರಲಾರದೆ ಎದ್ದು ಹೋಗುತ್ತಿದ್ದ.

ಊರಿನಲ್ಲಿ ಈ ಸಂಗತಿ ಯಾರಿಗೆ ಗೊತ್ತಿರಲಿಲ್ಲ? ಎಲ್ಲರಿಗೂ ಗೊತ್ತಿತ್ತು. ಬೇಕರಿಯವನಿಗೆ, ಡ್ರೈವರಿಗೆ, ಗಿರಣಿಯವನಿಗೆ, ಶಾಲೆಯ ಮೇಷ್ಟರಿಗೆ. ಬೇರೆಯವರ ಮನೆಯ ಸೌದೆ ಎಷ್ಟು ಒದ್ದೆಯಾಗಿದೆ ಎಂಬುದರಲ್ಲೂ ಮೂಗು ತೂರಿಸುವ ಊರು ಇದೊಂದು ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿತು. ಯಾರಿಗೂ ಅತ್ತೆಯ ಮೇಲೆ ದ್ವೇಷ ಇರಲಿಲ್ಲ. ಅವಳು ಹೊಲಿದ ಬೂಟನ್ನೇ ಹಾಕಿಕೊಂಡು ಓಡಾಡುತ್ತಿದ್ದರು. ಸುಮ್ಮನಿದ್ದರೆ ನಡೆಯುತ್ತಿತ್ತು, ಸುಮ್ಮನಿದ್ದರು.

ಹೀಗಿರುವಾಗ ದಾರಿ ಸಮಿತಿಯ ಸಭೆ ಬಂತು. ಮೇಲಿನ ಕಚೇರಿಯವರು, ಎಲ್ಲ ಕಡೆ ಅಚ್ಚು ಹಾಕಿದ ತಗಡಿನ ಫಲಕ ನೆಡುತ್ತೇವೆ, ಇನ್ನು ಬಣ್ಣ ಬಳಿಯುವವನು ಬೇಕೇ ಎಂದು ಕೇಳಿದ್ದರು. ಸಭೆ ಸೇರಿದ್ದು ಶಾಲೆಯ ಒಂದು ಕೋಣೆಯಲ್ಲಿ. ಪುಟ್ಟ ಮಕ್ಕಳ ಬೆಂಚುಗಳಲ್ಲಿ ದೊಡ್ಡವರೆಲ್ಲ ಮಂಡಿ ಗದ್ದಕ್ಕೆ ತಾಗುವಂತೆ ಮುದುಡಿಕೊಂಡಿದ್ದರು. ಹಳದಿಯ ಹೆಂಡತಿ ಟೀ ಕೆಟಲ್ ಹಿಡಿದು ನಿಂತಿದ್ದಳು. ಇವನನ್ನು ತೆಗೆಯುವ ಮನಸ್ಸು ಯಾರಿಗೂ ಇರಲಿಲ್ಲ. ಎರಡು ಮಾತಾಡಿ, ಟೀ ಕುಡಿದು, ಎದ್ದು ಹೋಗುವುದೆಂದೇ ಇತ್ತು.

ಆಗ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡಳು. ಹಳದಿಯ ಕೆಲಸ ಹೋಗಬಹುದಂತೆ ಎಂದು ಗಿರಣಿಯವನ ಬಾಯಿಂದ ಕೇಳಿ, ಕೋಲು ಊರಿಕೊಂಡು, ಹಿಂಬದಿಯ ಮೆಟ್ಟಿಲು ಒಂದೊಂದಾಗಿ ಇಳಿದು ಬಂದಿದ್ದಳು. ಏದುಸಿರು ಬಿಡುತ್ತಿದ್ದಳು. ಮೇಷ್ಟರು ಎದ್ದು ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನಾನು ಸಮಿತಿಯವಳಲ್ಲ, ಗೊತ್ತು. ಎರಡು ಮಾತು ಹೇಳಿ ಹೋಗ್ತೀನಿ" ಎಂದಳು. "ಬೆಟ್ಟಕ್ಕೆ ಜನ ಬರೋದು ನಿಂತುಹೋಗಿದೆ. ನಿಮಗೆಲ್ಲ ಎಷ್ಟು ಕಷ್ಟ ಆಗಿದ್ಯೋ, ನನಗೆ ಅರ್ಥ ಆಗುತ್ತೆ. ನಾನೂ ಬೆಂಚು ಒರೆಸಿಕೊಂಡು ಕೂತಿರೋಳೇ. ಆದ್ರೆ ಜನ ಬರದೇ ಇರೋದು ಇವನ ತಪ್ಪಾ? ಇವನು ಒಂದು ಪಟ್ಟಿ ಸೊಟ್ಟ ಹಾಕಿದ್ದು ನೋಡಿದ್ದೀರಾ ಯಾರಾದ್ರೂ? ಒಬ್ಬರನ್ನಾದ್ರೂ ದಾರಿ ತಪ್ಪಿಸಿದ್ದಾನಾ?"

ಆ ವರ್ಷ ಬಂದಷ್ಟು ಜನ ಊರು ಕಂಡೇ ಇರಲಿಲ್ಲ. ಲಾಡ್ಜಿನ ಯಜಮಾನ ಹೊಸ ಕೋಣೆಗೆ ಗೋಡೆ ಎಬ್ಬಿಸುತ್ತಿದ್ದ, ಅವನ ಬೂಟಿನ ಮೇಲೆ ಸಿಮೆಂಟಿನ ಪುಡಿ ಕೂತಿತ್ತು. ಅವನು ಆ ಬೂಟನ್ನು ಬೆಂಚಿನ ಕೆಳಗೆ ಎಳೆದುಕೊಂಡ. ಬೇಕರಿಯವನಿಗೆ ತಟ್ಟನೆ ಕೆಮ್ಮು ಬಂತು. ಹಿಂದಿನ ಸಾಲಿನಲ್ಲಿ ಯಾರೋ ಉಕ್ಕಿ ಬಂದ ನಗುವನ್ನು ಮೂಗಿನಲ್ಲೇ ತಡೆದರು. ಹಳದಿಗೆ ಆ ನಗು ಬೆನ್ನಿಗೆ ಬರೆ ಎಳೆದ ಹಾಗಾಯಿತು.

"ಜನ ಒಂದು ದಿನ ಮತ್ತೆ ಬಂದೇ ಬರ್ತಾರೆ" ಎಂದಳು ಅತ್ತೆ. "ಬಂದಾಗ ದಾರಿ ತೋರಿಸೋಕೆ ಇವನಿಲ್ದಿದ್ರೆ? ಇವನ ಕೈಯಿಂದ ಬ್ರಷ್ ಕಿತ್ಕೋಬೇಡಿ ಅಪ್ಪ. ನಿಮ್ಮ ಕಾಲು ಹಿಡ್ಕೊಂಡು ಕೇಳ್ತೀನಿ."

"ಅಯ್ಯೋ, ಅಷ್ಟೆಲ್ಲ ಯಾಕಮ್ಮ! ತೆಗೆಯಲ್ಲ. ಇವನನ್ನ ತೆಗೆಯಲ್ಲ" ಎಂದ ಅಧ್ಯಕ್ಷ, ಸೂರು ನೋಡುತ್ತ.

ಅತ್ತೆ ಗೆದ್ದವಳ ಹಾಗೆ ಹಳದಿಯ ಕಡೆ ತಿರುಗಿ ನಕ್ಕಳು. ಅವನಿಗೆ ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ ಅನ್ನಿಸಿತು. ನೆಲ ಬಾಯಿ ಬಿಡಲಿಲ್ಲ, ಅವನೂ ಬಿಡಲಿಲ್ಲ. ಹೆಂಡತಿ ಕೆಟಲನ್ನು ಕಿಟಕಿಯ ಮೇಲಿಟ್ಟು ಹೊರಗೆ ಹೋದಳು. ಆ ದಿನ ಯಾರೂ ಟೀ ಕುಡಿಯಲಿಲ್ಲ.

ಅತ್ತೆಯ ತೋಳು ಹಿಡಿದು ಅವನೇ ಮೇಲಕ್ಕೆ ಕರೆದುಕೊಂಡು ಹೋದ. ಪ್ರತಿ ಮೆಟ್ಟಿಲಿಗೂ ಹೇಳಿಬಿಡಬೇಕು ಎಂದುಕೊಂಡ. "ಹೆಂಗೆ ಬಾಯಿ ಮುಚ್ಚಿಸಿದೆ ನೋಡ್ದಾ? ಒಬ್ಬರಿಗಾದ್ರೂ ತಿರುಗಿ ಮಾತಾಡೋ ಧೈರ್ಯ ಬಂತಾ?" ಎಂದು ಅವಳು ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು. ಮನೆ ತಲುಪಿ ನೆಗ್ಗಿದ ಲೋಟ ಕೈಗೆ ಕೊಟ್ಟರೆ, ಅದನ್ನು ಒಲೆಯ ಪಕ್ಕ ಹಾಗೇ ಇಟ್ಟು ಎದ್ದು ಬಂದ.

ಮರುದಿನ ಬೆಳಗ್ಗೆ ಅವನು ಕಬ್ಬಿಣದ ಬ್ರಷ್ಷು, ಟರ್ಪೆಂಟೈನ್, ಹಳದಿ ಬಣ್ಣದ ಡಬ್ಬಿ ಚೀಲಕ್ಕೆ ತುಂಬಿದ. ಹೆಂಡತಿ ನೋಡುತ್ತಿದ್ದಳು.

"ನಾನೇನು ಮುಚ್ಚು ಅಂತ ಹೇಳಿದ್ನಾ?" ಎಂದಳು. ದನಿ ಒಡೆದಿತ್ತು.

"ಇಲ್ಲ. ನೀನು ಹೇಳಿಲ್ಲ."

"ಬೇಡ ಅಂತಾನೂ ಅನ್ಲಿಲ್ಲ ಅಂತೀಯಾ?"

"ಅನ್ಬೇಕಿದ್ದೋನು ನಾನೇ" ಎಂದ. ಅವಳು ಒಳಗೆ ಹೋಗಿ ಹಳೆಯ ಬಟ್ಟೆಯ ಚೂರುಗಳನ್ನು ತಂದು ಅವನ ಚೀಲಕ್ಕೆ ತುರುಕಿದಳು, ಬಣ್ಣ ಒರೆಸಲು.

ಮೋರಿಯ ಬಾಣವನ್ನು ಎಡಕ್ಕೂ ಬಳಿದ. ಅಲ್ಲಿಂದ ಒಂದೊಂದೇ ಕಲ್ಲು ಕೆರೆಯುತ್ತ ಏರಿದ. ಅತ್ತೆಯ ಗೇಟಿನ ಹತ್ತಿರ ಬಂದಾಗ ಅವಳು ಬೆಂಚು ಒರೆಸುತ್ತಿದ್ದಳು. "ಅಂತೂ ನೆನಪಾಯ್ತಾ ನನ್ನ ಕಲ್ಲು!" ಎಂದು ಬೆಂಚಿನ ಮೇಲೆ ಕೂತು ನೋಡತೊಡಗಿದಳು. ಅವಳು ಒಳಗೆ ಹೋಗಲಿ ಎಂದು ಹಳದಿ ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳದ ಜೊತೆ ಗುದ್ದಾಡುವ ಹಾಗೆ ನಟಿಸಿದ. ಅವಳು ಹೋಗಲಿಲ್ಲ. ಒದ್ದೆ ಬಟ್ಟೆ ಒತ್ತಿ, ಕಬ್ಬಿಣದ ಬ್ರಷ್ಷಿನಿಂದ ಉಜ್ಜಿದ. ಬೂದು ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಅದರ ಕೆಳಗೆ ಹಳದಿ ಪಟ್ಟಿ ನಿನ್ನೆ ಬಳಿದ ಹಾಗೆ ಹೊಳೆಯುತ್ತಿತ್ತು. ಬಿಸಿಲು ಮಳೆ ತಾಗದಂತೆ ಅವನ ಬೂದು ಬಣ್ಣವೇ ಅದನ್ನು ಕಾಪಾಡಿತ್ತು.

ಅತ್ತೆ ಎದ್ದು ಬಂದು, ಬಗ್ಗಿ, ಬೆರಳಿನಿಂದ ಮುಟ್ಟಿದಳು.

"ಮಳೆಗೆ ಹೋಗಿದೆ ಅಂದ್ಕೊಂಡಿದ್ದೆ. ಒಳಗೇ ಇದೆಯಲ್ಲೋ."

"ನಾನೇ ಮುಚ್ಚಿದ್ದು ಅತ್ತೆ. ನೀನು ಆಸ್ಪತ್ರೆಗೆ ಹೋಗಿದ್ದಾಗ."

ಅವಳಿಗೆ ಅರ್ಥವಾಗಲಿಲ್ಲ. ಅವನು ಕಲ್ಲನ್ನೇ ನೋಡುತ್ತ ಎಲ್ಲವನ್ನೂ ಹೇಳಿದ. ಕೆಳಬೀದಿ, ಟೀ ಅಂಗಡಿ, ಕಲಸಿದ ಬಣ್ಣ, ಉಜ್ಜಿದ ಪಾಚಿ.

"ಹಾಗಾದ್ರೆ ಜನ ಬರ್ತಿದ್ದಾರಾ?" ಎಂದಳು.

"ಬರ್ತಿದ್ದಾರೆ. ಮೊದಲಿಗಿಂತ ಜಾಸ್ತಿ."

"ಸದ್ಯ" ಎಂದಳು ಅತ್ತೆ. ಅವಳ ಮುಖ ನಿಜಕ್ಕೂ ಅರಳಿತು. ಜನ ನಡೆಯುವುದನ್ನು ಬಿಟ್ಟಿಲ್ಲವಲ್ಲ ಎಂಬ ಸಂತೋಷ ಅದು. ಆಮೇಲೆ ನಿಧಾನವಾಗಿ ಆ ಮುಖ ಬದಲಾಯಿತು. ಅವಳು ಬೆಂಚಿಗೆ ಕೈ ಊರಿ ಕೂತಳು.

"ನಿನ್ನೆ ಸ್ಕೂಲಲ್ಲಿ ನಾನು ಮಾತಾಡಿದ್ನಲ್ಲ. ಅಲ್ಲಿದ್ದೋರಿಗೆಲ್ಲ ಗೊತ್ತಿತ್ತಾ?"

"ಹೂಂ."

"ಎಲ್ರಿಗೂ?"

"ಎಲ್ರಿಗೂ ಅತ್ತೆ."

ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಬೈದಿದ್ದರೆ, ಕೋಲೆತ್ತಿ ಬಾರಿಸಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ನಾಚಿಕೆಪಡಬೇಕಾದವನು ಅವನು, ಮುಖ ಮುಚ್ಚಿಕೊಂಡವಳು ಅವಳು. ತನ್ನ ಪಾಲಿನ ನಾಚಿಕೆಯನ್ನು ಎಲ್ಲರ ಎದುರು ಅವಳ ತಲೆಗೆ ಕಟ್ಟಿದ್ದಾಗಿದೆ ಎಂಬುದು ಅವನಿಗೆ ಆಗ ಹೊಳೆಯಿತು.

"ಕಾಲು ಹಿಡ್ಕೋತೀನಿ ಅಂದ್ನಲ್ಲೋ" ಎಂದಳು ಕೈಗಳ ಒಳಗಿಂದ.

ಎಷ್ಟೋ ಹೊತ್ತಿನ ಮೇಲೆ ಅವಳು ಎದ್ದಳು. ಉಜ್ಜುವಾಗ ಪಟ್ಟಿಯ ಅಂಚು ಅಲ್ಲಲ್ಲಿ ಕಿತ್ತುಹೋಗಿತ್ತು, ಅವನು ಅದಕ್ಕೆ ಬಣ್ಣ ತುಂಬಲು ಬ್ರಷ್ ಅದ್ದಿದ್ದ. "ಕೊಡು ಇಲ್ಲಿ" ಎಂದು ಅದನ್ನು ಅವನ ಕೈಯಿಂದ ತೆಗೆದುಕೊಂಡು, ಕಷ್ಟಪಟ್ಟು ಮಂಡಿಯೂರಿ, ತಾನೇ ಬಳಿದಳು. ದಬ್ಬಳ ಹಿಡಿದು ಪಳಗಿದ ಕೈಗೆ ಬ್ರಷ್ ಒಗ್ಗಲಿಲ್ಲ. ಪಟ್ಟಿ ಸೊಟ್ಟವಾಯಿತು, ಕೆಳಗೆ ಒಂದು ಹನಿ ಇಳಿಯಿತು. ಏಳಿಸಲು ಅವನು ಕೈ ಚಾಚಿದ. ಅವಳು ಗೇಟು ಹಿಡಿದುಕೊಂಡು ಎದ್ದಳು.

ಈಗ ಎರಡೂ ದಾರಿಗಳಲ್ಲಿ ಗುರುತಿದೆ, ಜನ ತಮಗೆ ಬೇಕಾದ ಕಡೆ ಹೋಗುತ್ತಾರೆ. ಅತ್ತೆಯ ಬೆಂಚಿನ ಮೇಲೆ ಮತ್ತೆ ಬೂಟುಗಳು ಕೂರುತ್ತವೆ. ಅವಳು ಹೊಲಿಯುತ್ತಾಳೆ, ಕೆದಕಿ ಕೆದಕಿ ಕೇಳುತ್ತಾಳೆ, ನಗುತ್ತಾಳೆ. ಗಿರಣಿಗೆ ಮಾತ್ರ ಅವಳು ಇಳಿಯುವುದಿಲ್ಲ, ಹೋಗಿಬರುವವರ ಕೈಯಲ್ಲಿ ಕಾಳು ಕಳಿಸುತ್ತಾಳೆ. ಕೆಳಬೀದಿಯವರು ಹೊಲಿಸಲು ಬೂಟು ತರುವುದನ್ನು ತಾವಾಗಿಯೇ ಬಿಟ್ಟಿದ್ದಾರೆ. ಬೆಟ್ಟದಲ್ಲೆಲ್ಲ ಇಷ್ಟು ನೇರ ಹಾಕಿ ಇದೊಂದನ್ನು ಯಾಕೆ ಸೊಟ್ಟ ಹಾಕಿದ್ದೀರಿ ಎಂದು ನಡೆಯುವವರು ಹಳದಿಯನ್ನು ಕೇಳುವುದುಂಟು. "ಅದು ನನ್ನದಲ್ಲ" ಎಂದಷ್ಟೇ ಅವನು ಹೇಳುತ್ತಾನೆ.

ವರ್ಷಕ್ಕೊಮ್ಮೆ ಬಣ್ಣ ಹೊಸದು ಮಾಡುತ್ತ ಅವನು ಆ ಗೇಟಿನ ಹತ್ತಿರ ಬರುತ್ತಾನೆ. ಡಬ್ಬಿ ತೆಗೆದು, ಬ್ರಷ್ ಅದರ ಮೇಲಿಟ್ಟು, ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಅತ್ತೆ ಬಂದು ತನ್ನ ಕಲ್ಲಿಗೆ ತಾನೇ ಬಳಿಯುತ್ತಾಳೆ. ಮುಗಿದ ಮೇಲೆ, "ದಣಿದು ಬಂದಿದ್ದೀಯಾ, ಕೂತ್ಕೋ" ಎನ್ನುತ್ತಾಳೆ. ಅವನು ಬೆಂಚಿನ ಮೇಲೆ ಕೂರುತ್ತಾನೆ. ಅವಳು ಹೊರಗಿನ ಕೊಡದ ಮುಚ್ಚಳ ತೆಗೆದು, ಎಲ್ಲರಿಗೂ ಕೊಡುವ ಲೋಟದಲ್ಲಿ ಅವನಿಗೂ ನೀರು ಕೊಡುತ್ತಾಳೆ.